ಅಕ್ಕಾ ಹೇಳುತ್ತಿದ್ದ ಸಿನಿಮಾ

ಹೋದ ವಾರ ಹುಬ್ಬಳ್ಳಿಯ ಮಾಲ್‌ನಲ್ಲಿ ಮಗಳು ಪಾಪ್‌ಕಾರ್ನ್ ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟಳು. ಪರದೆಯ ಮೇಲೆ ಇನ್ನೂ ಜಾಹೀರಾತುಗಳು ಓಡುತ್ತಿದ್ದವು. ಬಿಸಿ ಉಗಿಯ ಜೊತೆ ಎದ್ದ ಆ ತುಸು ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಮೆತ್ತನೆಯ ಕುರ್ಚಿಯಲ್ಲಿ ಇರಲಿಲ್ಲ. ಜೋಳದ ಅಳ್ಳಿನ ವಾಸನೆ ಅದು, ಹುರಿದ ಅರಳಿನದು. ಜೋಳದ ಜಾತಿ ಬೇರೆ, ಬೆಣ್ಣೆ ಸವರಿದ್ದಾರೆ, ಅಷ್ಟೇ. ಬೆಳ್ಳುಳ್ಳಿ, ಅರಿಷಿಣದ ಒಗ್ಗರಣೆ ಇಲ್ಲ. ಉಡಿಯಲ್ಲಿ ಕಟ್ಟಿಕೊಂಡು ತಂದು ಕತ್ತಲಲ್ಲಿ ನನ್ನ ಬೊಗಸೆಗೆ ಸುರಿಯುವ ಬಾಜೂ ಮನೆಯ ಅಕ್ಕಾ ಇಲ್ಲ...

ನಾನು ಮದುವೆಯಾಗಿ ಹೋದದ್ದು ಕುಂದಗೋಳದ ಹತ್ತಿರದ ಒಂದು ಎರೆಭೂಮಿಯ ಹಳ್ಳಿಗೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅಲ್ಲಿ ಸಂಜೆಗಳು ಬೆಳೆಯುತ್ತಲೇ ಹೋಗುತ್ತಿದ್ದವು. ಆ ಬೇಸರ ಕಳೆದವಳು ಅಕ್ಕಾ. ನನಗಿಂತ ಸಾಕಷ್ಟು ದೊಡ್ಡವಳು, ಎರಡು ಮಕ್ಕಳ ತಾಯಿ. ನಮ್ಮಿಬ್ಬರ ಹಿತ್ತಲ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ ಇತ್ತು. ನಮ್ಮ ಸ್ನೇಹವೆಲ್ಲ ಅದರ ಮೇಲೆಯೇ ನಡೆಯಿತು.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ಸೂಟಿ ಎಂದರೆ ಹೊಲಕ್ಕೆ ಸೂಟಿ, ಹೊಲಕ್ಕೆ ಸೂಟಿ ಎಂದರೆ ಹೆಂಗಸರಿಗೂ ಅರ್ಧ ಸೂಟಿ. ಆ ಅರ್ಧವನ್ನು ಅಕ್ಕಾ ಕುಂದಗೋಳದ ಟಾಕೀಸಿಗೆ ಬರೆದುಕೊಟ್ಟುಬಿಟ್ಟಿದ್ದಳು. ಮುಂಜಾನೆಯೇ ಅಳ್ಳು ಹುರಿದು, ಓಣಿಯ ನಾಲ್ಕು ಮಂದಿಯನ್ನು ಎಬ್ಬಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ನಿಲ್ಲುತ್ತಿದ್ದಳು. ಒಂದೆರಡು ವಾರ ನೋಡಿ ನನ್ನ ಅತ್ತೆಯ ಹತ್ತಿರ ತಾನೇ ಬಂದು ಕೇಳಿ ನನ್ನನ್ನೂ ಆ ದಂಡಿಗೆ ಸೇರಿಸಿಕೊಂಡಳು.

ಟಾಕೀಸೆಂದರೆ ತಗಡಿನ ಚಾವಣಿ, ಕಟ್ಟಿಗೆಯ ಬೆಂಚು. ಹೆಂಗಸರದ್ದೇ ಒಂದು ಬಾಜು. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು, ನಾಯಕಿಯ ಕೆನ್ನೆಯ ಮೇಲೊಂದು, ನಾಯಕನ ಹಣೆಯ ಮೇಲೊಂದು ಚುಕ್ಕೆ ಇಡುತ್ತಿತ್ತು. ಧೂಳು ಆ ಬೆಳಕಿನಲ್ಲಿ ತೇಲುತ್ತಿತ್ತು. ಅಕ್ಕಾ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಚಿ, ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸುತ್ತಿದ್ದಳು. ಮನೆಯಲ್ಲಿ ಆ ಸೆರಗು ಜಾರಿದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ಸೆಕೆಯಲ್ಲಿ ಇದೇನು ಸಿನಿಮಾ ಹುಚ್ಚು ಎಂದು ಒಮ್ಮೆ ಕೇಳಿದೆ.

“ಇಲ್ಲಿ ನನ್ನ ಯಾರೂ ಕರ್ಯಾಂಗಿಲ್ಲ ನೋಡ್ಬೇ,” ಎಂದಳು. “ನೀರ ತಾ ಅನ್ನಂಗಿಲ್ಲ, ರೊಟ್ಟಿ ತಾ ಅನ್ನಂಗಿಲ್ಲ.”

ಆದರೆ ಅವಳಿಗೆ ಟಾಕೀಸಿನ ಪರವಾನಿಗೆ ಪುಕ್ಕಟೆ ಸಿಕ್ಕಿರಲಿಲ್ಲ. ಅವಳ ಅತ್ತೆಯನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದೆವು. ಸೊಂಟ ಹಿಡಿದು ವರ್ಷಗಳೇ ಆಗಿದ್ದವು. ಪಡಸಾಲೆಯ ಕಂಬಕ್ಕೆ ಒರಗಿ ಹತ್ತಿಯ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಸೊಸೆ ಹೋಗಬಹುದು, ಆದರೆ ಬಂದು ಸಿನಿಮಾ ಪೂರಾ ಹೇಳಬೇಕು, ಹಾಡೂ ಬಿಡಬಾರದು. ಇದು ಆಯಿಯ ಕರಾರು.

ಹಾಗಾಗಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಅಕ್ಕಾನ ಒಲೆಯ ಮುಂದೆ ಎರಡನೆಯ ಆಟ ಶುರುವಾಗುತ್ತಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಹೇಳುತ್ತಿದ್ದಳು. ಹೊಡೆದಾಟ ಬಂದರೆ ಬಡಿತ ಜೋರು, ಅಳು ಬಂದರೆ ಬಡಿತ ಮೆಲ್ಲಗೆ. ಕಾಶ್ಮೀರದಲ್ಲಿ ತೆಗೆದ ಹಾಡು ಅವಳ ಬಾಯಲ್ಲಿ ನಮ್ಮೂರ ಹಳ್ಳದ ದಂಡೆಗೆ ಬರುತ್ತಿತ್ತು. ನಾಯಕ ಗದಗಿನ ಬಸ್ಸು ಇಳಿಯುತ್ತಿದ್ದ, ನಾಯಕಿ ಅವನಿಗೆ ಶೇಂಗಾ ಚಟ್ನಿಹಿಂಡಿ ಹಚ್ಚಿ ರೊಟ್ಟಿ ಕೊಡುತ್ತಿದ್ದಳು. ಮಧ್ಯಾಹ್ನ ಕಣ್ಣಾರೆ ನೋಡಿ ಬಂದ ನಾನೇ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ, ಯಾವುದು ನೋಡಿದ್ದು ಯಾವುದು ಕೇಳಿದ್ದು ಎಂದು ತಿಳಿಯದೆ ಕೂತಿರುತ್ತಿದ್ದೆ. ಇಂದಿಗೂ ಆ ಸಿನಿಮಾಗಳು ನೆನಪಾದರೆ ನನಗೆ ಕಾಣುವುದು ಅಕ್ಕಾ ಹೇಳಿದ ಸಿನಿಮಾ.

ಒಂದು ಸೋಮವಾರ ನೋಡಿದ ಚಿತ್ರದಲ್ಲಿ ಮನೆ ಬಿಟ್ಟು ಹೋದ ಮಗನಿಗಾಗಿ ತಾಯಿ ಕಾಯುತ್ತಾಳೆ, ಕಾಯುತ್ತಲೇ ಹೊಸ್ತಿಲ ಮೇಲೆ ಸಾಯುತ್ತಾಳೆ. ಮಗ ಬರುವುದಿಲ್ಲ. ಟಾಕೀಸಿನಲ್ಲಿ ನಾವೆಲ್ಲ ಬಿಕ್ಕಿ ಬಿಕ್ಕಿ ಅತ್ತೆವು. ಸಂಜೆ ಒಲೆಯ ಮುಂದೆ ಮಾತ್ರ ಮಗ ಬಂದ. ಸಂಜೆ ಬಸ್ಸಿಗೆ ಇಳಿದು, ಅವ್ವಾ ಎಂದು ಕೂಗಿ, ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಊಟಕ್ಕೆ ಕೂತ. ನಾನು ಬಾಯಿ ತೆರೆಯುವ ಮೊದಲೇ ಅಕ್ಕಾ ಹಿಟ್ಟಿನ ಕೈಯಿಂದ ನನ್ನ ಮೊಣಕಾಲು ಒತ್ತಿದಳು.

ಮರುದಿನ ಗೋಡೆಯ ಹತ್ತಿರ ಹೇಳಿದಳು. ಆಯಿಯ ಸಣ್ಣ ಮಗ, ಎಂದರೆ ಅಕ್ಕಾನ ಮೈದುನ, ಅಣ್ಣನ ಜೊತೆ ಜಗಳಾಡಿ ಉಟ್ಟ ಬಟ್ಟೆಯಲ್ಲಿ ಹೋದವನು. ನಾನು ಆ ಊರಿಗೆ ಬರುವುದಕ್ಕೂ ಮೊದಲಿನ ಮಾತು. ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಆಯಿ ಅವನ ಹೆಸರೇ ಎತ್ತುತ್ತಿರಲಿಲ್ಲ, ಸರಿಯಾಗಿ ನಿದ್ದೆಯನ್ನೂ ಮಾಡುತ್ತಿರಲಿಲ್ಲ.

“ಸಾವಿರ ಸುಳ್ಳ ಹೇಳಿ ಒಂದು ಮದಿವಿ ಮಾಡು ಅಂತಾರ,” ಎಂದಳು ಅಕ್ಕಾ. “ನಾ ಒಂದ ಸುಳ್ಳ ಹೇಳಿ ಅತ್ತ್ಯಾರನ್ನ ಮಲಗಿಸೀನಿ. ರಾತ್ರಿ ಕಣ್ಣತುಂಬ ನಿದ್ದಿ ಮಾಡ್ಯಾರ.”

ಅದು ನಿದ್ದೆಗೇ ನಿಂತಿದ್ದರೆ ಚಿಂತೆ ಇರಲಿಲ್ಲ. ಆ ವಾರದಿಂದ ಆಯಿ ತಲಬಾಗಿಲಿಗೆ ಅಗಳಿ ಹಾಕಗೊಡಲಿಲ್ಲ. ಬಾಗಿಲನ್ನು ಬರೇ ಮುಂದಕ್ಕೆಳೆದು ಇಡಿರಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರು ಯಾಕೆ ಬಾಗಿಲು ಬಡಿಯಬೇಕು ಎನ್ನುತ್ತಿದ್ದಳಂತೆ. ಅಕ್ಕಾನ ಗಂಡ ಗೊಣಗಿದ, ಆಮೇಲೆ ಸುಮ್ಮನಾದ. ಅಕ್ಕಾ ಮಾತ್ರ ಒಳಗೊಳಗೇ ಹೆದರಿದಳು. ತನ್ನ ಸುಳ್ಳು ಆ ಮುದಿ ಜೀವದ ಕೈಗೋಲಾಗಿಬಿಟ್ಟಿದೆ, ಒಂದು ದಿನ ಮುರಿದರೆ ಏನು ಗತಿ ಎಂದು.

ಅದೇ ವರ್ಷ ದೀಪಾವಳಿಗೆ ನನ್ನ ತವರಿನವರು ಒಂದು ಟಿವಿ ತಂದುಕೊಟ್ಟರು. ರವಿವಾರ ಸಂಜೆ ನಮ್ಮ ಪಡಸಾಲೆಯೇ ಟಾಕೀಸಾಯಿತು. ಮನೆಯಲ್ಲೇ ಕೂತು ನೋಡುವುದು ಎಂಥ ಆರಾಮ ಎಂದು ಓಣಿಯೆಲ್ಲ ಹೊಗಳಿತು. ಅಕ್ಕಾ ಬಂದು ಕೂರುತ್ತಿದ್ದಳು, ಆದರೆ ಸೆರಗು ತಲೆಯ ಮೇಲೆಯೇ ಇರುತ್ತಿತ್ತು. ಯಾರೋ ಮಜ್ಜಿಗೆ ಕೇಳುತ್ತಿದ್ದರು, ಯಾರದೋ ಕೂಸು ಅಳುತ್ತಿತ್ತು, ಅವಳ ಗಂಡ ಬೀದಿಯಿಂದಲೇ ಕೂಗುತ್ತಿದ್ದ. ಇದು ಸಿನಿಮಾ ಅಲ್ಲ, ಸಂತೆ ಎಂದು ಎದ್ದುಹೋಗುತ್ತಿದ್ದಳು.

ಹೀಗಿರುವಾಗ, ಮುಂದಿನ ರವಿವಾರ ಬರುವುದು ಅದೇ ತಾಯಿಯ ಚಿತ್ರ ಎಂದು ಟಿವಿಯಲ್ಲಿ ಹೇಳಿದರು. ಆಯಿಯ ಕಿವಿಗೂ ಬಿತ್ತು. ಇಷ್ಟು ವರ್ಷ ಕೇಳಿದ್ದಾಯಿತು, ಇದೊಂದನ್ನು ಕಣ್ಣಿಂದ ನೋಡಬೇಕು, ನನ್ನನ್ನು ಹೊತ್ತುಕೊಂಡಾದರೂ ಒಯ್ಯಿರಿ ಎಂದು ಹಟ ಹಿಡಿದಳು.

ಅಕ್ಕಾ ಗೋಡೆಯ ಹತ್ತಿರ ಬಂದು ನನ್ನ ಕೈ ಹಿಡಿದಳು. ಟಿವಿ ಕೆಟ್ಟಿದೆ ಎಂದು ಹೇಳಲಾದೀತೇ ಎಂದು ಕೇಳಿದಳು. ಆಗಲಿ ಎಂದೆ. ಆದರೆ ರವಿವಾರ ಸಂಜೆ ಎರಡಾಳು ಹೊರಸಿನ ಮೇಲೆ ಆಯಿಯನ್ನು ಹೊತ್ತು ತಂದಾಗ, ತಲೆ ಎರೆದುಕೊಂಡು ಪೆಟ್ಟಿಗೆಯ ಇಳಕಲ್ಲ ಸೀರೆ ಉಟ್ಟು ಬಂದ ಆ ಮುಖ ನೋಡಿ ನಾನೇ ಎದ್ದು ಟಿವಿ ಹಚ್ಚಿದೆ. ಇನ್ನು ಕರೆಂಟೇ ಕಾಪಾಡಬೇಕೆಂದು ಇಬ್ಬರೂ ಕಂಡಕಂಡ ದೇವರಿಗೆ ಕೈಮುಗಿದೆವು. ವಾರವಿಡೀ ಸಂಜೆಯಾದರೆ ಹೋಗುತ್ತಿದ್ದ ಕರೆಂಟು ಅಂದು ಕಣ್ಣು ಕೂಡ ಪಿಳುಕಿಸಲಿಲ್ಲ.

ಹೊಸ್ತಿಲ ದೃಶ್ಯ ಬಂತು. ತಾಯಿ ಸತ್ತಳು. ಬಯಲ ದಾರಿ ಖಾಲಿಯಾಗಿಯೇ ಉಳಿಯಿತು. ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಆಯಿ ಮಾತ್ರ ಅಳಲಿಲ್ಲ. ಪರದೆ ಖಾಲಿಯಾಗುವವರೆಗೂ ನೋಡಿದಳು. ಆಮೇಲೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದಳು.

“ಇವರಿಗೆ ಹೇಳಾಕ ಬರಂಗಿಲ್ಲವಾ. ನೀ ಹೇಳಿದ್ದ ಛಲೋ ಇತ್ತು,” ಎಂದಳು. “ನಡಿ, ಮನಿಗೆ ಹೋಗೂಣು.”

ನನಗೆ ಮನಸ್ಸು ತಡೆಯಲಿಲ್ಲ. ಹಿಂದೆಯೇ ಹಿತ್ತಲಿಗೆ ಹೋಗಿ ಗೋಡೆಗೆ ಆತು ನಿಂತೆ. ಆ ಕಡೆ ಒಲೆ ಹೊತ್ತಿತ್ತು, ರೊಟ್ಟಿಯ ಸದ್ದು ಶುರುವಾಗಿತ್ತು. ಇನ್ನೊಮ್ಮೆ ಮೊದಲಿಂದ ಹೇಳು ಎಂದು ಆಯಿ ಕೇಳಿದ್ದಳು. ಅಕ್ಕಾ ಹೇಳುತ್ತಿದ್ದಳು. ಮಗ ಬಸ್ಸಿಂದ ಇಳಿದ, ಅವ್ವಾ ಎಂದ, ಕಾಲು ತೊಳೆದ, ಊಟಕ್ಕೆ ಕೂತ...

“ಬದನಿಕಾಯಿ ಎಣ್ಣಿಗಾಯಿ ಬಡಸು,” ಎಂದಳು ಆಯಿ. “ಅವಗ ಅದ ಸೇರತಿತ್ತು.”

ರೊಟ್ಟಿಯ ಬಡಿತ ನಿಂತುಹೋಯಿತು. ಅತ್ತೆ ಸೊಸೆ ಇಬ್ಬರೂ ಅಳುವುದು ಕೇಳಿಸಿತು. ಮೊದಲಿನಿಂದಲೂ ಆಯಿಗೆ ಎಲ್ಲ ತಿಳಿದಿತ್ತು ಅನ್ನಿಸಿ, ಕತ್ತಲಲ್ಲಿ ನನಗೂ ಅಳು ಬಂತು.

ಮೈದುನ ಬರಲೇ ಇಲ್ಲ. ಆಯಿ ತೀರಿಕೊಂಡ ಮೇಲೂ ಆ ಬಾಗಿಲಿಗೆ ಅಗಳಿ ಬೀಳಲಿಲ್ಲ, ಅಕ್ಕಾ ಬೀಳಗೊಡಲಿಲ್ಲ. ಟಾಕೀಸು ಮುಚ್ಚಿ ಗೊಬ್ಬರದ ಗೋದಾಮಾಯಿತು. ನಾವು ಹುಬ್ಬಳ್ಳಿಗೆ ಬಂದೆವು. ಒಮ್ಮೆ ಊರಿಗೆ ಹೋದಾಗ ನೋಡಿದರೆ ಅಕ್ಕಾನ ಮಗ ಕೊಡಿಸಿದ ಮೊಬೈಲು ಅವಳ ದಿಂಬಿನ ಕೆಳಗೆ ಬೋರಲಾಗಿ ಬಿದ್ದಿತ್ತು. ಎಲ್ಲ ಸಿನಿಮಾ ಅದರಲ್ಲೇ ಬರುತ್ತವಂತೆ, ಆದರೆ ನಡುವೆ ನಡುವೆ ಮಂದಿ ಫೋನು ಮಾಡುತ್ತಾರೆ ಎಂದು ನಕ್ಕಳು. ಹುಬ್ಬಳ್ಳಿಗೆ ಬಾ, ದೊಡ್ಡ ಟಾಕೀಸಿಗೆ ಹೋಗೋಣ ಎಂದು ಕರೆದೆ. ಸೋಮವಾರ ಬರುತ್ತೇನೆ ಅಂದಿದ್ದಳು. ಹೋದ ವರ್ಷ ಶ್ರಾವಣದಲ್ಲಿ ಹೋಗಿಬಿಟ್ಟಳು.

ಮಾಲ್‌ನ ಸಿನಿಮಾ ಮುಗಿದು ದೀಪ ಹತ್ತಿತು. ಅದರಲ್ಲೂ ದೂರ ಹೋದವನೊಬ್ಬ ಮರಳಲಿಲ್ಲ. ಪಾಪ್‌ಕಾರ್ನ್ ಡಬ್ಬಿ ತೊಡೆಯ ಮೇಲೆ ಹಾಗೇ ಆರಿತ್ತು, ನನ್ನ ಸೆರಗು ಯಾವಾಗಲೋ ಹೆಗಲಿಂದ ಜಾರಿತ್ತು. ಮಗಳು ಕಣ್ಣೊರೆಸಿಕೊಂಡು, ಹೆಂಗಿತ್ತವ್ವಾ ಎಂದು ಕೇಳಿದಳು.

“ಅಕ್ಕಾ ಇದ್ದಿದ್ರ ಅವ ಮನಿಗೆ ಬರತಿದ್ದ ನೋಡ,” ಎಂದೆ.