ಹಿತ್ತಲ ತಂತಿಯ ಮೇಲೆ ಎರಡನೇ ಕೋಟು

‘ಒಂದು ಮನೆತನಕ್ಕೆ ಒಬ್ಳು ಡಾಕ್ಟ್ರು ಸಾಕು ಕಣವ್ವ. ಎರಡನೇದು ಆಗೋ ಮಾತಲ್ಲ’ ಎಂದವರು ನಮ್ಮ ದೊಡ್ಡಪ್ಪ. ಅವರು ಹಾಗೆನ್ನುವಾಗ ಅವರ ಮಗಳು, ನಮ್ಮಕ್ಕ, ಹಿತ್ತಲಲ್ಲಿ ತನ್ನ ಬಿಳಿ ಕೋಟು ಹಿಂಡುತ್ತಿದ್ದಳು. ಮೊಣಕೈವರೆಗೆ ನೀಲಿ ನೀರು, ಸೊಂಟಕ್ಕೆ ಸಿಕ್ಕಿಸಿದ ಜಡೆ, ಬಾಯಲ್ಲಿ ಕಚ್ಚಿದ ಒಂದು ಕ್ಲಿಪ್ಪು. ತಂತಿಯ ಮೇಲಿದ್ದ ನನ್ನ ಲಂಗವನ್ನು ಅತ್ತ ಸರಿಸಿ ಕೋಟು ಹರವಿದಳು. ಆ ಸರಿಸಿದ್ದನ್ನು ನಾನಿನ್ನೂ ಮರೆತಿಲ್ಲ.

ಬಬ್ಬೂರಿನಲ್ಲಿ ನಮ್ಮ ಎರಡು ಮನೆಗೂ ಒಂದೇ ಹಿತ್ತಲು. ಅಪ್ಪ, ದೊಡ್ಡಪ್ಪ ಇಬ್ಬರೂ ಅಲ್ಲಿನ ಕೃಷಿ ಫಾರಂನಲ್ಲಿ ಕೂಲಿ. ಅವಳು ನನಗಿಂತ ಮೂರೇ ತಿಂಗಳಿಗೆ ದೊಡ್ಡವಳು, ಅಷ್ಟಕ್ಕೇ ಜೀವನಪೂರ್ತಿ ಅಕ್ಕ ಅನ್ನಬೇಕು. ಒಂದೇ ಬಸ್ಸಿನಲ್ಲಿ ಹಿರಿಯೂರಿಗೆ ಹೋಗಿ ಪಿಯುಸಿ ಪಾಸಾದೆವು. ಸಿಇಟಿ ಬರೆದೆವು. ಇಬ್ಬರಿಗೂ ಮೆಡಿಕಲ್ ಸೀಟು ಸಿಗಲಿಲ್ಲ.

ಆಗ ರ್‍ಯಾಂಕಿಗೆ ಪಿಯುಸಿ ಅಂಕವೂ ಸೇರುತ್ತಿತ್ತು. ಅಂಕ ಸಾಲದವರು ಪಾಸಾದ ಫಲಿತಾಂಶವನ್ನೇ ‘ರಿಜೆಕ್ಟ್’ ಮಾಡಿ, ಒಂದು ವರ್ಷ ಮನೆಯಲ್ಲಿ ಕೂತು ಓದಿ, ಎಲ್ಲವನ್ನೂ ಮತ್ತೆ ಬರೆಯಬಹುದಿತ್ತು. ಅದು ಕೆಟ್ಟರೆ ಹಳೆಯ ಪಾಸೂ ಇಲ್ಲ. ಅಕ್ಕ ತನ್ನ ಮಾರ್ಕ್ಸ್ ಕಾರ್ಡ್ ಕಾಲೇಜಿಗೆ ವಾಪಸ್ ಕೊಟ್ಟೇಬಿಟ್ಟಳು. ‘ಪಾಸಾದ ಹುಡ್ಗಿ ತಾನಾಗೇ ಫೇಲಾದ್ಲಂತೆ’ ಎಂದು ಊರು ನಕ್ಕಿತು. ನಾನು ಹೆದರಿ ಕಾರ್ಡ್ ಬಿಡದೆ, ಸಿಇಟಿ ಒಂದನ್ನೇ ಮತ್ತೆ ಬರೆದೆ. ಅವಳು ದಾವಣಗೆರೆಗೆ ಡಾಕ್ಟರ್ ಓದಲು ಹೋದಳು. ನಾನು ಹಿತ್ತಲಲ್ಲೇ ಉಳಿದೆ.

ಹೊಟ್ಟೆಕಿಚ್ಚು ಅಂದರೆ ಏನು ಅಂತ ನನ್ನನ್ನು ಕೇಳಿ. ಅವಳು ರಜೆಗೆ ಬಂದರೆ, ನನಗೆ ಹಾಕದ ತುಪ್ಪ ನಮ್ಮವ್ವನ ಕೈಯಿಂದ ಅವಳ ಮುದ್ದೆಗೆ ಬೀಳುತ್ತಿತ್ತು. ಬಳೆ ಮಾರುವವಳು ಕೂಡ ಆ ಕೋಟು ಮುಟ್ಟಿ ನೋಡಿ, ‘ನೀನೇನು ಮಾಡ್ತಿದೀಯವ್ವ?’ ಎಂದು ನನ್ನ ಕಡೆ ತಿರುಗುವಳು.

‘ಕುಂತಿದೀನಿ’ ಅನ್ನುತ್ತಿದ್ದೆ.

ಅವತ್ತು ದೊಡ್ಡಪ್ಪನ ಮಾತು ಮುಗಿದ ಮೇಲೆ ಅಕ್ಕ ಬಾಯಿಂದ ಕ್ಲಿಪ್ಪು ತೆಗೆದಳು.

‘ಲೇ, ನಿನ್ನ ಕಾರ್ಡ್ ಎಲ್ಲೈತೆ?’

‘ಟ್ರಂಕಿನಾಗೆ.’

‘ಅಲ್ಲೇ ಇಟ್ಕಂಡು ಪೂಜೆ ಮಾಡ್ತೀಯೋ, ಕೊಟ್ಟು ಓದ್ತೀಯೋ?’

‘ನಿಂಗೇನು, ಸೀಟು ಸಿಕ್ಕೈತೆ.’

‘ಹೂಂ, ಸಿಕ್ಕೈತೆ. ಹೊಟ್ಟೆ ಉರಿತೈತಾ? ಉರೀಲಿ ಬಿಡು. ಫಿಜಿಕ್ಸ್ ಪುಸ್ತಕ ತಗಂಬಾ.’

ರಿಜೆಕ್ಟ್ ಮಾಡಲು ಅದೇ ಕೊನೆಯ ಅವಕಾಶ. ಮರುದಿನ ಕಾಲೇಜಿಗೆ ಜೊತೆಗೆ ಬಂದು, ನಾನು ಕಾರ್ಡನ್ನು ಕಿಟಕಿಯೊಳಗೆ ಬಿಡುವವರೆಗೂ ನನ್ನ ಬೆನ್ನಿಗೇ ನಿಂತಿದ್ದಳು. ಓಡಿಹೋಗಲು ದಾರಿಯೇ ಇರಲಿಲ್ಲ.

ಆ ವರ್ಷ ಅಕ್ಕ ರಜೆಗೆ ಬಂದಾಗಲೆಲ್ಲ ಜಗಲಿಯಲ್ಲಿ ಕೂತು, ಹುರಿಗಡಲೆಯನ್ನು ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳುತ್ತ ಲೆಕ್ಕ ಕೊಡುತ್ತಿದ್ದಳು. ತಲೆ ಎತ್ತದೆಯೇ ‘ತಪ್ಪು. ಇನ್ನೊಂದ್ಸಲ’ ಅನ್ನುವಳು. ಸರಿ ಬಂದರೆ ಹೊಗಳಿಕೆಯಿಲ್ಲ. ಒಂದು ಹಿಡಿ ಗಡಲೆ ನನ್ನ ಕಡೆ ತಳ್ಳುವಳು. ರೋಗಿಗಳ ಸೇವೆ ಗೀವೆ ಏನೂ ನನ್ನ ತಲೆಯಲ್ಲಿರಲಿಲ್ಲ. ಅವಳ ಕೋಟು ಸರಿಸಿ ನನ್ನದು ಹಾಕಬೇಕು, ಅಷ್ಟೇ. ಆ ಕಿಚ್ಚಿನಲ್ಲೇ ಓದಿದೆ. ಸೀಟು ಸಿಕ್ಕಿತು.

ನಾನು ಮೊದಲ ಸಲ ಕೋಟು ಒಗೆದ ದಿನ, ಅವಳೇ ಬಂದು ತನ್ನದನ್ನು ಸರಿಸಿ ಜಾಗ ಮಾಡಿದಳು. ಅದಕ್ಕೂ ಸಿಟ್ಟು ಬಂತು. ಸರಿಸುವ ಖುಷಿಯನ್ನೂ ನನಗೆ ಬಿಡಲಿಲ್ಲವಲ್ಲ!

ಡಿಗ್ರಿ ಸರ್ಟಿಫಿಕೇಟ್ ತಂದಾಗ ಅಪ್ಪ, ‘ಮೊದ್ಲು ನಿಮ್ಮ ದೊಡ್ಡಪ್ಪನ ಕೈಗೆ ಕೊಡು’ ಎಂದರು. ಕೊಟ್ಟೆ. ದೊಡ್ಡಪ್ಪ ಟವಲಿಗೆ ಕೈ ಒರೆಸಿಕೊಂಡು, ಎರಡು ಅಂಗೈ ಮೇಲೆ ಅದನ್ನಿಟ್ಟು ತೂಗಿ ನೋಡಿದರು.

‘ಭಾರ ಐತೆ ಕಣವ್ವ. ನಮ್ಮ ಹುಡ್ಗೀದು ಇಷ್ಟಿರಲಿಲ್ಲ.’

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಸಣ್ಣಗಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ನಾನೇ ಹೊತ್ತು ತಿರುಗಿದ್ದೆ.

‘ಅಪ್ಪ, ಎರಡೂ ಒಂದೇ ಕಾಗ್ದ. ನಂದೂ ಅಷ್ಟೇ ಇತ್ತು!’ ಎಂದಳು.

‘ಎಲ್ಲಿಂದ ಬರ್ಬೇಕು ಅಷ್ಟು?’ ಎಂದರು ದೊಡ್ಡಪ್ಪ. ‘ನಿಂದ್ರಾಗೆ ನೀನೊಬ್ಳೇ ಇದ್ದೆ. ಇವಳ್ದ್ರಾಗೆ ಇಬ್ರೂ ಅದೀರಿ.’