ಬಲಗೈ, ಎಡಗಿವಿ

ಗೆಳೆಯರೇ, ಇಂದು ಬೆಳಿಗ್ಗೆ ಅರಸೀಕೆರೆಯ ನಮ್ಮ ಬೀದಿಯ ಶಾಲೆಯಲ್ಲಿ ನನ್ನ ಪಿತೃತ್ವಕ್ಕೆ ಘೋರ ಪರೀಕ್ಷೆ ನಡೆಯಿತು. ಮಗಳು ಗಿರಿಜೆ ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತೆಂದು ಲೆಕ್ಕ. ಮುಟ್ಟದಿದ್ದರೆ ಇನ್ನೊಂದು ವರ್ಷ ಮನೆಯಲ್ಲೇ.

ಮನೆಯಾಕೆಯ ಕಟ್ಟಪ್ಪಣೆ ಬೇರೆ: “ಸೇರಿಸದೆ ಬಂದ್ರೆ ಇವಳನ್ನ ನೀವೇ ನೋಡ್ಕೊಳ್ಳಿ ಕಣ್ರೀ. ಮೊನ್ನೆ ಅಟ್ಟದಿಂದ ಕೊಬ್ಬರಿಕಾಯಿ ಉರುಳಿಸಿ ನಿಮ್ಮವ್ವನ ಕಾಲು ಊದಿಸವ್ಳೆ!”

ಆದ್ದರಿಂದ ಲೋಕಕಲ್ಯಾಣಾರ್ಥವಾಗಿ, ಯಾರಿಗೂ ಕಾಣದಂತೆ ತಲೆ ವಾಲಿಸುವ ವಿದ್ಯೆಯನ್ನು ಮಗಳಿಗೆ ನಿನ್ನೆಯೇ ಧಾರೆ ಎರೆದಿದ್ದೆ.

ಹೆಡ್‌ಮೇಷ್ಟ್ರು ನನಗೂ ಪಾಠ ಹೇಳಿದವರು. ಗಿರಿಜೆ ತಲೆ ವಾಲಿಸಿದಳು. ಬೆರಳು ಕಿವಿಗೆ ತಾಗಿತು.

“ತಲೆ ನೆಟ್ಟಗಿಟ್ಕೊಳವ್ವಾ,” ಎಂದರು ಮೇಷ್ಟ್ರು.

“ಆಗಕಿಲ್ಲ ಸಾ. ನೆಟ್ಟಗಿಟ್ರೆ ಮುಟ್ಟಕಿಲ್ಲ ಅಂತ ಅಪ್ಪ ಹೇಳೈತೆ.”

ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಏನ್ಲಾ, ನಿಮ್ಮಪ್ಪನೂ ನಿನಗೆ ಇದನ್ನೇ ಹೇಳ್ಕೊಟ್ಟು ಕರ್ಕೊಂಡು ಬಂದಿದ್ದ. ಇವಳಾದ್ರೂ ನಿಜ ಹೇಳ್ತಾಳೆ, ಸೇರಿಸ್ಕೊಂಡೆ. ನೀನು ಹೊರಗೆ ಕಿವಿ ಹಿಡ್ಕೊಂಡು ನಿಂತ್ಕೊ, ಗಂಟೆ ಹೊಡೆಯೋ ತನಕ.”

ನಾನೀಗ ಒಂದು ಮಗುವಿನ ತಂದೆ, ಕೊಬ್ಬರಿ ಮಂಡಿಯ ಗೌರವಾನ್ವಿತ ವರ್ತಕ. ಆದರೂ ಕೈಗಳು ತಾವಾಗಿಯೇ ಕಿವಿಗೆ ಹೋದವು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನಮಸ್ಕಾರ ಹೇಳಿದರು. ಒಂದು ಕೈಯೆತ್ತಿ ಪ್ರತಿನಮಸ್ಕಾರ ಮಾಡಿದ್ದೇ ತಡ, ಕಿಟಕಿಯಿಂದ ಗಿರಿಜೆಯ ದನಿ ಕೇಳಿತು:

“ಸಾ, ಅಪ್ಪ ಒಂದು ಕಿವಿ ಬಿಟ್ಬಿಡ್ತು!”

ಏನಾದರಾಗಲಿ, ಇಂದಿನಿಂದ ದಿನಾ ಸಂಜೆ ಶಾಲೆ ಬಿಡುವವರೆಗಾದರೂ ಅಟ್ಟದ ಕೊಬ್ಬರಿ ನೆಮ್ಮದಿಯಾಗಿ ಒಣಗಬಹುದು.