ಕೊಪ್ಪರಿಗೆಯ ಮೇಲೆ ಹಿಡಿದ ಕೈ

ಬೆಟ್ಟ ಕೊರೆದು ಸುರಂಗ ತೋಡುವವರ ಬಿಡಾರದಲ್ಲಿ ಅರವತ್ತು ಹೊಟ್ಟೆಗಳಿಗೆ ದೊಡ್ಡಕ್ಕನೇ ದಿಕ್ಕು. ಅವಳ ಕೊಪ್ಪರಿಗೆಗಳೋ, ಬೀಡು ಕಬ್ಬಿಣದವು. ಒಂದನ್ನು ಒಲೆಯಿಂದ ಇಳಿಸಲು ನಾಲ್ಕು ಕೈ ಬೇಕು. ಹದಿನೇಳು ವರ್ಷದಲ್ಲಿ ಒಂಬತ್ತು ಬಿಡಾರ ಸುತ್ತಿದರೂ ಅವಳ ಅನ್ನ ಒಮ್ಮೆಯೂ ತಳ ಹಿಡಿದಿರಲಿಲ್ಲ. ನೀರು ಇಂಗಿದ ಮೇಲೆ ಮುಚ್ಚಳದ ಮೇಲೂ ಕೆಂಡ ಹರಡುವಳು. ಅದರ ಮೇಲೆ ಗೇಣೆತ್ತರದಲ್ಲಿ ಅಂಗೈ ಹಿಡಿದು ಎಣಿಸುವಳು. ಆರಕ್ಕೆ ಕೈ ತಾನಾಗಿ ಹಿಂದೆ ಬಂದರೆ ಹದ. ಮೂರಕ್ಕೇ ಬಂದರೆ ಕೆಂಡ ತೆಗೆಯಬೇಕು, ಹತ್ತಾದರೂ ತಡೆದರೆ ಇನ್ನಷ್ಟು ಹಾಕಬೇಕು.

ಈ ಚಳಿಗಾಲದಲ್ಲಿ ಆ ಕೈ ಹಿಂದೆ ಬರುವುದನ್ನೇ ಮರೆಯಿತು. ಮೊದಲು ಬೆರಳು ಜೋಮು ಹಿಡಿದವು, ಆಮೇಲೆ ಅಂಗೈ. ದೊಡ್ಡಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಎರಡು ದಿನ ಅನ್ನ ಸೀದು ಕರಕಾಯಿತು.

"ಏನ್ ದೊಡ್ಡಕ್ಕ, ಅನ್ನಕ್ಕೂ ಕಾಡಿಗೆ ಹಚ್ಚೋಕೆ ಶುರು ಮಾಡಿದ್ಯಾ?" ಎಂದು ಆಳುಗಳು ನಕ್ಕರು. ಮೇಸ್ತ್ರಿ ನಗಲಿಲ್ಲ.

"ನಾಳೆ ನಾನೇ ಬಂದು ನಿಂತು ನೋಡ್ತೀನಿ. ಮತ್ತೆ ಸೀದ್ರೆ ಸೌಟು ನಿನ್ನ ನಾದಿನಿ ಕೈಗೆ. ನೀನು ಗಂಟು ಕಟ್ಟು."

ನಾದಿನಿ ಗಂಡನಿಲ್ಲದವಳು, ಒಬ್ಬ ಮಗಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸುವವಳು. ಕೈಯಾಳಾಗಿ ಅವಳನ್ನು ಕರೆತಂದವಳು ದೊಡ್ಡಕ್ಕನೇ. ಈಗ ಅವಳೊಬ್ಬಳಿಗೇ ಗುಟ್ಟು ಹೇಳಿದಳು.

"ಕೆಂಡ ಕೆದಕೋ ಹಾಗೆ ಮಾಡಿ ನೀನೂ ಕೈ ಹಿಡಿ. ಸುಟ್ಟ ತಕ್ಷಣ ಕೆಮ್ಮು. ಎಣಿಕೆ ನಂದು."

"ಕೆಮ್ಮೋ ಬದಲು ನಗು ಬಂದ್ರೆ, ಅತ್ತಿಗೆ?"

"ಕೈ ಸುಟ್ಟಾಗಲೇ ನಗು, ಅಷ್ಟೇ."

ಮಾರನೇ ದಿನ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತ. ದೊಡ್ಡಕ್ಕ ಅಂಗೈ ಹಿಡಿದು ಎಣಿಸಿದಳು. ಮೂರು, ಆರು, ಎಂಟು. ಹೊಗೆಯಾಚೆ ಕೈ ಹಿಡಿದಿದ್ದ ನಾದಿನಿ ಕೆಮ್ಮಲಿಲ್ಲ. ಹತ್ತು.

"ಕಾವು ಸಾಲದು. ಇನ್ನೆರಡು ಸಲಿಕೆ ಕೆಂಡ ಹಾಕು."

ನಾದಿನಿ ತಲೆ ಎತ್ತದೆ ಹಾಕಿದಳು.

ಸ್ವಲ್ಪ ಹೊತ್ತಿಗೇ ಸೀದ ವಾಸನೆ ಎದ್ದಿತು. ಮೇಸ್ತ್ರಿ ಸೌಟನ್ನು ನಾದಿನಿಯತ್ತ ಚಾಚಿದ. ಅದನ್ನು ಹಿಡಿಯಲು ಸೆರಗಿನೊಳಗಿಂದ ಹೊರಬಂದ ಅವಳ ಅಂಗೈ ಕೆಂಪಗೆ ಬೆಂದಿತ್ತು. ದೊಡ್ಡಕ್ಕ ನೋಡಿದಳು.

ಬಟ್ಟೆಬರೆ ಗಂಟು ಕಟ್ಟುವಾಗ ನಾದಿನಿ ಬಂದು ಬಾಗಿಲಲ್ಲಿ ನಿಂತಳು.

"ಅತ್ತಿಗೆ, ಕೆಮ್ಮಬೇಕು ಅಂತಲೇ ಇದ್ದೆ... ಮಗಳು ಕಣ್ಮುಂದೆ ಬಂದ್ಳು..."

"ಅಳಬೇಡ ಸುಮ್ನಿರು. ನಿನ್ನ ಜಾಗದಲ್ಲಿ ನಾನಿದ್ರೂ ಕೆಮ್ತಿರ್ಲಿಲ್ಲ."

ಅದು ಸುಳ್ಳು. ದೊಡ್ಡಕ್ಕನಾಗಿದ್ದರೆ ಕೆಮ್ಮುತ್ತಿದ್ದಳು. ಇಬ್ಬರಿಗೂ ಅದು ಗೊತ್ತಿತ್ತು.

ಗಂಟಿನ ಬಾಯಿ ಬಿಗಿಯಲು ದೊಡ್ಡಕ್ಕನ ಬೆರಳುಗಳು ಮಾತು ಕೇಳಲಿಲ್ಲ. ನಾದಿನಿಯೇ ಕೂತು, ಬೆಂದ ಕೈಯಿಂದ ಎರಡೆರಡು ಸುತ್ತು ಹಾಕಿ ಕಟ್ಟಿಕೊಟ್ಟಳು.